ಇಬ್ಬಿಬ್ಬರಾಗಿ ಹೊರಟವರು: ಮೊರ್ಮನ್ ಯುವ ಮಿಷನರಿಗಳ ದಿನಚರಿ ಮತ್ತು ನಮ್ಮ ಧರ್ಮಕೇಂದ್ರಗಳು

ಮುರಗೋಡ ಸೀಮೆಯ ಹಳ್ಳಿಯೊಂದರಲ್ಲಿ ಬಲಿಪೂಜೆ ಮುಗಿಸಿ ಹೊರಡುವ ಹೊತ್ತಿಗೆ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಹಿರಿಯ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಗೆಳೆಯರ ಮೂಲಕ ಮೊರ್ಮನ್ ಸಭೆಯ ಪರಿಚಯವಾಗಿ, ವರ್ಷದ ಹಿಂದೆ ಅವರ ಕೈಯಲ್ಲಿ ಸ್ನಾನ ಪಡೆದಿದ್ದಾನೆ. ಈಗ ಕೆಲಸ ಬಿಟ್ಟು ಎರಡು ವರ್ಷ ಸೇವೆಗೆ ಹೋಗುವೆನೆಂದು ಮನೆಗೆ ಫೋನು ಮಾಡಿದ್ದಾನೆ. “ಅವರೂ ಯೇಸುಸ್ವಾಮಿ ಹೆಸರ ಹೇಳ್ತಾರಂತ್ರಿ ಫಾದರ್. ಕುಡಿಯೂದು ಬಿಟ್ಟಾನ, ನಸುಕಿನ್ಯಾಗ ಎದ್ದು ಓದ್ತಾನ. ಹೋಗಬ್ಯಾಡ ಅನ್ನಲೋ, ಹೋಗು ಅನ್ನಲೋ?” ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. “ಪ್ರಾರ್ಥಿಸೋಣವ್ವಾ” ಎಂದು ಹೇಳಿ ಬಂದೆವು. ದೈವಶಾಸ್ತ್ರ ಕಲಿಸುವವರ ಬಾಯಲ್ಲಿ ಆ ಮಾತು ಕೆಲವೊಮ್ಮೆ ಪ್ರಾರ್ಥನೆಯ ಕರೆಯಾಗಿರುತ್ತದೆ, ಕೆಲವೊಮ್ಮೆ ತಪ್ಪಿಸಿಕೊಳ್ಳುವ ದಾರಿಯಾಗಿರುತ್ತದೆ. ಅಂದು ಎರಡನೆಯದೇ ಆಗಿತ್ತು.

ಆ ತಾಯಿಯ ಪ್ರಶ್ನೆ ಒಂದೇ ಮನೆಯದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ನಮ್ಮ ಯುವಜನರು ಓದಿಗೂ ದುಡಿಮೆಗೂ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರು ಎದುರುಗೊಳ್ಳುವ ಸಭೆಗಳ ಬಗ್ಗೆ ಗುರುಮಠದ ಪಾಠಗಳಲ್ಲಿ ನಾವು ಹೇಳುವುದು ಕಡಿಮೆ. ಹೇಳಿದರೂ ತಪ್ಪುಗಳ ಪಟ್ಟಿ ಕೊಟ್ಟು ಮುಗಿಸುತ್ತೇವೆ. ಈ ಲೇಖನದಲ್ಲಿ ಮೊರ್ಮನ್ ಯುವ ಮಿಷನರಿಯ ದಿನಚರಿಯನ್ನೂ ಸೇವೆಯನ್ನೂ ಇದ್ದಂತೆ ವಿವರಿಸಲು ಯತ್ನಿಸುತ್ತೇವೆ. ಆ ಜೀವನಕ್ರಮದ ಹಿಂದಿರುವ ಬೋಧನೆಯನ್ನು ಧರ್ಮಸಭೆಯ ವಿಶ್ವಾಸದ ಬೆಳಕಿನಲ್ಲಿ ಪರಿಶೀಲಿಸುತ್ತೇವೆ. ಕೊನೆಗೆ ಆ ತಾಯಿಯ ಪ್ರಶ್ನೆಗೆ ಮರಳುತ್ತೇವೆ.

ಸಭೆಯ ಹಿನ್ನೆಲೆ ಮತ್ತು ಭಾರತದ ನೆಲೆ

ಜನರು ಮೊರ್ಮನರೆಂದು ಕರೆಯುವವರ ಸಭೆಯ ಅಧಿಕೃತ ಹೆಸರನ್ನು ಕನ್ನಡದಲ್ಲಿ ‘ಅಂತಿಮ ದಿನಗಳ ಸಂತರ ಯೇಸುಕ್ರಿಸ್ತನ ಸಭೆ’ ಎನ್ನಬಹುದು. 2018ರಿಂದ ಅವರ ಮುಖ್ಯಸ್ಥರು ‘ಮೊರ್ಮನ್’ ಎಂಬ ಅಡ್ಡಹೆಸರನ್ನು ಬಿಡುವಂತೆ ಎಲ್ಲರನ್ನೂ ಕೋರಿದ್ದಾರೆ. ಅವರೊಡನೆ ಮಾತನಾಡುವಾಗ ಪೂರ್ಣ ಹೆಸರನ್ನು ಬಳಸುವುದು ಸೌಜನ್ಯ. ಓದುಗರಿಗೆ ಪರಿಚಿತವೆಂಬ ಕಾರಣಕ್ಕೆ ಇಲ್ಲಿ ಹಳೆಯ ಹೆಸರನ್ನು ಉಳಿಸಿಕೊಂಡಿದ್ದೇವೆ. ಜೋಸೆಫ್ ಸ್ಮಿತ್ ಎಂಬವರು 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಈ ಸಭೆಯನ್ನು ಸ್ಥಾಪಿಸಿದರು. ‘ಮೊರ್ಮನ್ ಗ್ರಂಥ’ವೂ ಅದೇ ವರ್ಷ ಪ್ರಕಟವಾಯಿತು. ಅದೇ ಬೇಸಿಗೆಯಲ್ಲಿ ಸ್ಥಾಪಕರ ತಮ್ಮ ಸ್ಯಾಮ್ಯುಯೆಲ್ ಸ್ಮಿತ್ ಆ ಗ್ರಂಥದ ಪ್ರತಿಗಳನ್ನು ಹೊತ್ತು ಹಳ್ಳಿಗಳಿಗೆ ಹೊರಟರು. ಇಂದಿನ ಯುವ ಮಿಷನರಿಗಳು ತಮ್ಮ ಪರಂಪರೆಯನ್ನು ಆ ನಡಿಗೆಯಿಂದಲೇ ಎಣಿಸುತ್ತಾರೆ.

ಭಾರತಕ್ಕೆ ಅವರು ಬಂದದ್ದು ನಾವು ಊಹಿಸುವುದಕ್ಕಿಂತ ಬಹಳ ಹಿಂದೆ. 1851ರಲ್ಲಿ ಕಲ್ಕತ್ತೆಯಲ್ಲಿ ಕೆಲವರು ಆ ಸಭೆಗೆ ಸೇರಿದರು. 1852ರಲ್ಲಿ ಹ್ಯೂ ಫಿಂಡ್ಲೆ ಎಂಬವರು ಮುಂಬಯಿಗೆ ಬಂದರು. 1853ರಲ್ಲಿ ರಿಚರ್ಡ್ ಬ್ಯಾಲಂಟೈನ್ ಮತ್ತು ರಾಬರ್ಟ್ ಸ್ಕೆಲ್ಟನ್ ಮದರಾಸಿಗೆ ಬಂದರು. ಹೆಚ್ಚಾಗಿ ದಂಡುಪ್ರದೇಶದ ಇಂಗ್ಲಿಷ್ ಸೈನಿಕರ ನಡುವೆ ಅವರ ಪ್ರಯತ್ನ ನಡೆಯಿತು. ಆ ಸಭೆಯಲ್ಲಿ ಆಗ ರೂಢಿಯಲ್ಲಿದ್ದ ಬಹುಪತ್ನೀತ್ವದ ಸುದ್ದಿ ಹರಡಿದ್ದರಿಂದ ವಿರೋಧ ಬೆಳೆಯಿತು. ಆ ಪದ್ಧತಿಯನ್ನು ಸಭೆ 1890ರಲ್ಲಿ ಅಧಿಕೃತವಾಗಿ ಕೈಬಿಟ್ಟಿತು. ಬ್ಯಾಲಂಟೈನ್ ಒಂದು ವರ್ಷದಲ್ಲೇ, 1854ರಲ್ಲಿ, ಮದರಾಸು ಬಿಟ್ಟರು.

ಅವರು ಬಂದ ಆ 1853ರಲ್ಲೇ ಬಾಸೆಲ್ ಮಿಷನ್ನಿನ ತರುಣನೊಬ್ಬ ಭಾರತಕ್ಕೆ ಬಂದಿಳಿದ. ಆತನ ಹೆಸರು ಫರ್ಡಿನಾಂಡ್ ಕಿಟೆಲ್. 1837ರಲ್ಲಿ ನೆಲೆಗೊಂಡಿದ್ದ ಧಾರವಾಡದ ಮಿಷನ್ನಿನಲ್ಲಿ ಕನ್ನಡ ಕಲಿಯತೊಡಗಿದ ಆತನ ನಿಘಂಟು ಹೊರಬಂದದ್ದು 1894ರಲ್ಲಿ, ನಾಲ್ಕು ದಶಕಗಳ ನಂತರ. ಒಂದೇ ವರ್ಷ ಬಂದ ಈ ಇಬ್ಬರು ತರುಣರಲ್ಲಿ ಪ್ರೇಷಿತಕಾರ್ಯದ ಎರಡು ಬಗೆಗಳಿವೆ: ಕೆಲವು ಕಾಲಕ್ಕೆ ಕಳುಹಿಸಲ್ಪಟ್ಟು ಮರಳುವುದು, ಬಂದು ನೆಲೆಸಿ ಜನರ ನುಡಿಯೊಳಗೆ ಕರಗುವುದು. ಮುಂದಿನ ಪರಿಶೀಲನೆಯಲ್ಲಿ ಈ ಭೇದ ಮತ್ತೆ ಬರುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸಭೆ ಭಾರತದಲ್ಲಿ ಮತ್ತೆ ಬೇರೂರಿತು. 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಸಿ ಅದರ ಮಿಷನ್ ಕ್ಷೇತ್ರವೊಂದು ರೂಪುಗೊಂಡಿತು. 2018ರ ಏಪ್ರಿಲಿನಲ್ಲಿ ಬೆಂಗಳೂರಿಗೆ ದೇವಾಲಯವೊಂದನ್ನು ಘೋಷಿಸಲಾಯಿತು. 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮನಾದ ಆರಂಭವಿಧಿ ನಡೆಯಿತು. ಅವರಲ್ಲಿ ‘ದೇವಾಲಯ’ವೆಂದರೆ ಭಾನುವಾರದ ಆರಾಧನೆಯ ಮನೆಯಲ್ಲ, ವಿಶೇಷ ವಿಧಿಗಳಿಗೆ ಮೀಸಲಾದ ಕಟ್ಟಡ. ಹೀಗಾಗಿ ಕರ್ನಾಟಕದ ರಾಜಧಾನಿ ಈ ಸಭೆಗೆ ಮುಖ್ಯ ನೆಲೆಯಾಗಿದೆ. ಮುರಗೋಡದಂಥ ಊರಿನಲ್ಲಿ ಅವರ ಬಿಳಿ ಅಂಗಿ, ಕಪ್ಪು ಹೆಸರುಪಟ್ಟಿ ಕಾಣಸಿಗದಿರಬಹುದು. ಆದರೆ ಮುರಗೋಡದ ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಕರೆ ಬರುವ ಬಗೆ

ಮೊರ್ಮನ್ ಮಿಷನರಿಯು ನಮ್ಮ ಅರ್ಥದ ಗುರುವೂ ಅಲ್ಲ, ಧಾರ್ಮಿಕ ಸಭೆಯ ಸದಸ್ಯನೂ ಅಲ್ಲ. ಶಾಲೆ ಮುಗಿಸಿ ಕಾಲೇಜಿಗೋ ಕೆಲಸಕ್ಕೋ ಹೊರಟಿರುವ ಸಾಮಾನ್ಯ ಯುವಕ. 2012ರ ಅಕ್ಟೋಬರಿನಲ್ಲಿ ಸೇವೆಗೆ ಹೊರಡುವ ಕನಿಷ್ಠ ವಯಸ್ಸನ್ನು ಯುವಕರಿಗೆ 19ರಿಂದ 18ಕ್ಕೆ, ಯುವತಿಯರಿಗೆ 21ರಿಂದ 19ಕ್ಕೆ ಇಳಿಸಲಾಯಿತು. ಯುವಕರ ಅವಧಿ 24 ತಿಂಗಳು, ಯುವತಿಯರದು 18 ತಿಂಗಳು. ಯುವಕರನ್ನು ‘ಎಲ್ಡರ್’ ಎಂದೂ ಯುವತಿಯರನ್ನು ‘ಸಿಸ್ಟರ್’ ಎಂದೂ ಕುಲನಾಮ ಸೇರಿಸಿ ಕರೆಯುತ್ತಾರೆ. ಎಲ್ಡರ್ ಎಂದರೆ ಹಿರಿಯ; ಹದಿನೆಂಟರ ಹುಡುಗನಿಗೆ ಆ ಹೆಸರು ಒಪ್ಪುವುದು ಅವರ ಯಾಜಕತ್ವದ ಕಲ್ಪನೆಯಿಂದ. ಯೋಗ್ಯರೆಂದು ಕಂಡ ಎಲ್ಲ ಪುರುಷ ಸದಸ್ಯರಿಗೂ ಅವರಲ್ಲಿ ಹಂತಹಂತವಾಗಿ ಯಾಜಕತ್ವ ದೊರೆಯುತ್ತದೆ. ‘ಬಿಷಪ್’ ಎಂಬ ಪದವೂ ಅಷ್ಟೇ: ಅವರಲ್ಲಿ ಅದು ಸಂಬಳವಿಲ್ಲದೆ ಕೆಲವು ವರ್ಷ ಸ್ಥಳೀಯ ಸಭೆಯನ್ನು ನೋಡಿಕೊಳ್ಳುವ ಸಂಸಾರಸ್ಥನ ಹೊಣೆ. ಪದಗಳು ಒಂದೇ ಆದರೂ ಅರ್ಥ ಬೇರೆ ಎಂಬುದನ್ನು ನಮ್ಮ ಗುರುವಿದ್ಯಾರ್ಥಿಗಳು ಮೊದಲೇ ಗಮನಿಸಬೇಕು. ಮುಂದೆ ದೀಕ್ಷಾಸ್ನಾನದ ವಿಚಾರದಲ್ಲಿ ಇದೇ ಎಚ್ಚರ ಬೇಕಾಗುತ್ತದೆ.

ಹೊರಡಲು ಬಯಸುವವನು ಸ್ಥಳೀಯ ಬಿಷಪ್ಪರೊಡನೆ ಸಂದರ್ಶನ, ವೈದ್ಯಕೀಯ ತಪಾಸಣೆ ಮುಗಿಸಿ ಅರ್ಜಿ ಕಳುಹಿಸುತ್ತಾನೆ. ಎಲ್ಲಿಗೆ ಹೋಗಬೇಕೆಂಬ ಆಯ್ಕೆ ಅವನದಲ್ಲ. ಸಾಲ್ಟ್ ಲೇಕ್ ಸಿಟಿಯ ಕೇಂದ್ರದಿಂದ ಸಭಾಧ್ಯಕ್ಷರ ಹೆಸರಿನಲ್ಲಿ ಕರೆಪತ್ರ ಬರುತ್ತದೆ. ಯಾವ ಕ್ಷೇತ್ರ, ಯಾವ ಭಾಷೆ, ಎಂದು ಹೊರಡಬೇಕು ಎಂಬುದು ಅದರಲ್ಲೇ ಇರುತ್ತದೆ. ಬಳಿಕ ತರಬೇತಿ. ತಿಳಿದ ಭಾಷೆಯಲ್ಲಿ ಸೇವೆಯಾದರೆ ಸುಮಾರು 3 ವಾರ, ಹೊಸ ಭಾಷೆಯಾದರೆ 6ರಿಂದ 9 ವಾರ. ಅವರಿಗೆ ಸಂಬಳವಿಲ್ಲ. ಖರ್ಚನ್ನು ಯುವಕನ ಉಳಿತಾಯ, ಕುಟುಂಬ, ಸಭೆ ಹಂಚಿಕೊಳ್ಳುತ್ತವೆ. ಶ್ರೀಮಂತ ದೇಶಗಳ ಕುಟುಂಬಗಳು ತಿಂಗಳಿಗೆ ನಿಗದಿಯಾದ ಮೊತ್ತವನ್ನು ಕಟ್ಟುತ್ತವೆ. 2020ರ ಜುಲೈಯಿಂದ ಅದು 400 ಡಾಲರಿನಿಂದ 500ಕ್ಕೆ ಏರಿತು. ಅಷ್ಟು ಶಕ್ತಿಯಿಲ್ಲದವರಿಗೆ ಸಭೆಯ ನಿಧಿಯಿಂದ ನೆರವು ಸಿಗುತ್ತದೆ. ಲೋಕದಾದ್ಯಂತ ಹೀಗೆ ಸೇವೆಯಲ್ಲಿರುವವರು 70 ಸಾವಿರಕ್ಕೂ ಹೆಚ್ಚು.

ಒಂದು ದಿನದ ಕ್ರಮ

ಅವರ ದಿನದ ಚೌಕಟ್ಟು ಬಹುಕಾಲದಿಂದ ಹೀಗೆ ನಡೆದುಬಂದಿದೆ. ಬೆಳಗ್ಗೆ 6:30ಕ್ಕೆ ಏಳುವುದು, ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ಸ್ನಾನ, ಉಪಾಹಾರ. 8ಕ್ಕೆ ಒಬ್ಬೊಬ್ಬರೇ ಕುಳಿತು ಧರ್ಮಗ್ರಂಥಗಳ ಅಧ್ಯಯನ. 9ಕ್ಕೆ ಇಬ್ಬರೂ ಕೂಡಿ ಅಧ್ಯಯನ: ಇಂದು ಯಾರನ್ನು ಕಾಣುವುದು, ಯಾವ ಪಾಠವನ್ನು ಹೇಗೆ ಹೇಳುವುದು. ಹೊಸ ಭಾಷೆ ಕಲಿಯುವವರಿಗೆ ಭಾಷಾಭ್ಯಾಸವೂ ಇದೆ. 10ರಿಂದ ಹೊರಗಿನ ಕೆಲಸ. ನಡುವೆ ಊಟ. ರಾತ್ರಿ 9ರ ಸುಮಾರಿಗೆ ಕೊಠಡಿಗೆ ಮರಳಿ ನಾಳೆಯ ಯೋಜನೆ, ದಿನಚರಿ ಬರಹ. 10:30ಕ್ಕೆ ದೀಪ ಆರಿಸುವುದು. 2017ರಲ್ಲಿ ಆಯಾ ದೇಶದ ಜೀವನಕ್ಕೆ ತಕ್ಕಂತೆ ಈ ಹೊತ್ತುಗಳನ್ನು ಸ್ವಲ್ಪ ಹಿಂದುಮುಂದು ಮಾಡಿಕೊಳ್ಳಲು ಅವಕಾಶ ನೀಡಲಾಯಿತು. ಗಂಟೆಗಳ ಪ್ರಾರ್ಥನೆಯ ಬದ್ಧತೆಯುಳ್ಳ ನಮಗೆ ಕಾಲವನ್ನು ಹೀಗೆ ಹಂಚಿಕೊಳ್ಳುವುದು ಅಪರಿಚಿತವಲ್ಲ. ಆದರೆ ನಾವು ಅದನ್ನು ವರ್ಷಗಳ ಸಿದ್ಧತೆಯ ಬಳಿಕ ಕೆಲವರಿಂದಷ್ಟೇ ಅಪೇಕ್ಷಿಸುತ್ತೇವೆ. ಅವರು ಹದಿನೆಂಟರ ಸಾಮಾನ್ಯ ಹುಡುಗನಿಂದ ಅಪೇಕ್ಷಿಸುತ್ತಾರೆ.

ವಾರದಲ್ಲೊಂದು ದಿನ ‘ತಯಾರಿಯ ದಿನ’. ಬಟ್ಟೆ ಒಗೆಯುವುದು, ಸಂತೆ, ಕ್ಷೌರ, ಪತ್ರ ಬರೆಯುವುದು ಎಲ್ಲ ಅಂದು ಸಂಜೆಯೊಳಗೆ ಮುಗಿಯಬೇಕು. ಹಿಂದೆ ವರ್ಷಕ್ಕೆರಡು ಬಾರಿ, ಕ್ರಿಸ್ಮಸ್ ಮತ್ತು ತಾಯಂದಿರ ದಿನದಂದು ಮಾತ್ರ, ಮನೆಗೆ ಫೋನು ಮಾಡಬಹುದಿತ್ತು. 2019ರ ಫೆಬ್ರವರಿಯಿಂದ ವಾರವಾರವೂ ಮಾತನಾಡಲು ಅನುಮತಿ ಇದೆ. ಸಿನಿಮಾ, ಟಿವಿ, ಪ್ರೇಮಸಂಬಂಧಗಳಿಗೆ ಆ ಅವಧಿಯಲ್ಲಿ ಎಡೆಯಿಲ್ಲ. 1833ರ ಒಂದು ಬೋಧನೆಯನ್ನು ಅನುಸರಿಸಿ ಎಲ್ಲ ಮೊರ್ಮನರಂತೆ ಅವರೂ ಮದ್ಯ, ತಂಬಾಕು, ಚಹಾ, ಕಾಫಿಗಳನ್ನು ಮುಟ್ಟುವುದಿಲ್ಲ. ಮನೆಗೆ ಕಾಲಿಟ್ಟವರ ಮುಂದೆ ಮೊದಲು ನೀರಿನ ತಂಬಿಗೆ, ಹಿಂದೆಯೇ ಚಹಾ ಬರುವ ನಮ್ಮ ಸೀಮೆಯಲ್ಲಿ ಇದನ್ನು ಊಹಿಸಿ ನೋಡಬೇಕು. ಚಹಾ ಬೇಡವೆಂದರೆ ಮನೆಯೊಡತಿ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ. ಆ ವ್ರತ ಅವರಿಗೆ ದಿನಕ್ಕೆ ಹತ್ತು ಸಲ ವಿವರಿಸಬೇಕಾದ ವ್ರತ.

ಭಾನುವಾರ ಸ್ಥಳೀಯ ಸಭೆಯ ಆರಾಧನೆಯಲ್ಲಿ ರೊಟ್ಟಿ ಮತ್ತು ನೀರನ್ನು ಹಂಚುತ್ತಾರೆ, ದ್ರಾಕ್ಷಾರಸವನ್ನು ಬಳಸುವುದಿಲ್ಲ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಉಪವಾಸ. ಬಿಟ್ಟ ಊಟದ ಬೆಲೆಯನ್ನು ಬಡವರಿಗಾಗಿ ಕೊಡುವುದು ಅವರ ರೂಢಿ. ವಾರದಲ್ಲಿ ಕೆಲವು ಗಂಟೆಗಳು ನೆರೆಯವರ ಸೇವೆಗೆ ಮೀಸಲು: ಮನೆ ಸಾಗಿಸುವವರಿಗೆ ಕೈಜೋಡಿಸುವುದು, ಹಿರಿಯರನ್ನು ಕಾಣುವುದು, ಸ್ವಚ್ಛತೆಯ ಕೆಲಸ, ಓದು ಹೇಳಿಕೊಡುವುದು. ಬೋಧನೆಗೆ ಹೋಗಲು ಆರೋಗ್ಯ ಒಪ್ಪದವರಿಗೆ ಪೂರ್ಣವಾಗಿ ಇಂಥ ಸೇವೆಯನ್ನೇ ವಹಿಸಿಕೊಡುವ ವ್ಯವಸ್ಥೆಯೂ ಇದೆ.

ಸಂಗಾತಿ ಎಂಬ ಶಾಲೆ

ಈ ಜೀವನಕ್ರಮದ ಕೇಂದ್ರದಲ್ಲಿರುವುದು ಸಂಗಾತಿ. ಪ್ರಭು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ ಪ್ರಸಂಗವನ್ನು ಮಾರ್ಕ ಮತ್ತು ಲೂಕರ ಶುಭಸಂದೇಶಗಳಲ್ಲಿ ನಾವೂ ಓದುತ್ತೇವೆ. ಮೊರ್ಮನರು ಅದನ್ನು ಅಕ್ಷರಶಃ ಪಾಲಿಸುತ್ತಾರೆ. ಇಬ್ಬರೂ ಒಂದೇ ಕೊಠಡಿಯಲ್ಲಿ ಇರಬೇಕು. ಹೊರಗೆ ಹೋದಾಗ ಒಬ್ಬರ ಕಣ್ಣಳತೆಯಲ್ಲಿ ಅಥವಾ ಕಿವಿಯಳತೆಯಲ್ಲಿ ಇನ್ನೊಬ್ಬರಿರಬೇಕು. ಸಂಗಾತಿಯನ್ನು ತಾವೇ ಆರಿಸಿಕೊಳ್ಳುವಂತಿಲ್ಲ. ಮಿಷನ್ ಅಧ್ಯಕ್ಷರು, ಅಂದರೆ ಪತ್ನಿಯೊಡನೆ ಮೂರು ವರ್ಷದ ಹೊಣೆ ಹೊತ್ತು ಬಂದ ಸಂಸಾರಸ್ಥರು, ಸುಮಾರು ಆರು ವಾರಗಳಿಗೊಮ್ಮೆ ವರ್ಗಾವಣೆಗಳನ್ನು ತೀರ್ಮಾನಿಸುತ್ತಾರೆ. ಊರು ಬದಲಾಗಬಹುದು, ಸಂಗಾತಿ ಬದಲಾಗಬಹುದು. ಹೊಂದಿಕೆಯಾಗದವನೊಡನೆ ದಿನದ ಇಪ್ಪತ್ತನಾಲ್ಕು ಗಂಟೆ ಕಳೆಯುವ ಅಭ್ಯಾಸ ಅಲ್ಲಿ ತಪ್ಪದು. ಗುರುಮಠದಲ್ಲಿ ಕೊಠಡಿ ಹಂಚಿಕೊಂಡವರಿಗೆ ಇದರ ಕಷ್ಟವೂ ಲಾಭವೂ ತಿಳಿದಿದೆ.

ಇದರ ನೆರಳನ್ನೂ ಹೇಳಬೇಕು. ಮನೆಯ ನೆನಪು, ತಿರಸ್ಕಾರದ ಆಯಾಸ, ಒಂಟಿಯಾಗಿ ಕುಳಿತು ಅಳಲೂ ಎಡೆಯಿಲ್ಲದ ಸಾಮೀಪ್ಯ ಹದಿನೆಂಟರ ಮನಸ್ಸಿಗೆ ಭಾರ. ಅವಧಿಗೆ ಮುನ್ನ ಮರಳುವವರು ಊರಿನ ಕಣ್ಣಿಗೆ ಸೋತವರಂತೆ ಕಾಣುವ ಅಪಾಯವಿದೆ. ಗುರುಮಠ ಬಿಟ್ಟು ಊರಿಗೆ ಮರಳಿದ ನಮ್ಮ ಹುಡುಗರ ಸ್ಥಿತಿಯೂ ಅಷ್ಟೇ ಅಲ್ಲವೇ? ಹಬ್ಬದ ದಿನ ಅವರು ಚರ್ಚಿನ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಮರಳಿದವರನ್ನು ಹೇಗೆ ಬರಮಾಡಿಕೊಳ್ಳುತ್ತೇವೆ ಎಂಬುದರಿಂದಲೂ ಕಳುಹಿಸುವ ಸಭೆಯ ಗುಣ ತಿಳಿಯುತ್ತದೆ.

ಅವರು ಕಲಿಸುವುದು

ಶಿಸ್ತಿನ ಬಗ್ಗೆ ಇಷ್ಟು ಹೇಳಿದ ಮೇಲೆ, ಆ ಶಿಸ್ತು ಯಾವ ಸಂದೇಶವನ್ನು ಹೊತ್ತಿದೆ ಎಂಬುದನ್ನು ಮುಚ್ಚಿಡಬಾರದು. ಅವರ ಪಾಠಗಳ ಅಡಿಪಾಯ ‘ಪುನಃಸ್ಥಾಪನೆ’. ಪ್ರೇಷಿತರ ಮರಣದ ನಂತರ ಧರ್ಮಸಭೆ ದಾರಿ ತಪ್ಪಿತು, ಯಾಜಕತ್ವದ ಅಧಿಕಾರ ಭೂಮಿಯಿಂದ ಮರೆಯಾಯಿತು, ಅದು ಜೋಸೆಫ್ ಸ್ಮಿತ್ತರ ಮೂಲಕ ಮರಳಿತು ಎಂದು ಅವರು ನಂಬುತ್ತಾರೆ. ಹಾಗಾದರೆ ಸಂತ ಇಗ್ನೇಷಿಯಸ್, ಐರೇನಿಯಸ್, ಅಗಸ್ಟೀನರಿಂದ ಇಂದಿನ ಧರ್ಮಾಧ್ಯಕ್ಷರವರೆಗಿನ ಸರಪಳಿ ಮುರಿದದ್ದು ಎಂದಾಗುತ್ತದೆ. ಪ್ರೇಷಿತ ಪರಂಪರೆಯನ್ನು ಒಪ್ಪಿ ಹೇಳುವ ನಮ್ಮ ವಿಶ್ವಾಸಪ್ರಮಾಣಕ್ಕೂ ಈ ಬೋಧನೆಗೂ ರಾಜಿಯಿಲ್ಲ.

ಎರಡನೆಯದು ದೇವರ ಕುರಿತ ಬೋಧನೆ. ಪಿತ, ಸುತ, ಪವಿತ್ರಾತ್ಮ ಎಂಬ ಹೆಸರುಗಳನ್ನು ಅವರೂ ಉಚ್ಚರಿಸುತ್ತಾರೆ. ಆದರೆ ಅವರ ಬೋಧನೆಯಲ್ಲಿ ಇವರು ಉದ್ದೇಶದಲ್ಲಿ ಒಂದಾದ ಮೂವರು ಬೇರೆಬೇರೆ ವ್ಯಕ್ತಿಗಳು. ಪಿತನಿಗೆ ಮಾಂಸಾಸ್ಥಿಗಳ ಶರೀರವಿದೆ. ಮನುಷ್ಯನು ದೇವರ ಮಹಿಮೆಯ ಸ್ಥಿತಿಗೆ ಏರಬಲ್ಲನು. ಒಂದೇ ಸ್ವರೂಪದ ಪವಿತ್ರ ತ್ರಿತ್ವವನ್ನು 325ರ ನೈಸಿಯಾ ಮಹಾಸಭೆಯಿಂದ ಒಪ್ಪಿಕೊಂಡು ಬಂದಿರುವ ಎಲ್ಲ ಸಭೆಗಳ ವಿಶ್ವಾಸದಿಂದ ಇದು ಬೇರೆ.

ಮೂರನೆಯದು ಸತ್ಯವನ್ನು ಗುರುತಿಸುವ ಬಗೆ. ಮಿಷನರಿಯು ಕೇಳುಗನಿಗೆ ಮೊರ್ಮನ್ ಗ್ರಂಥವನ್ನು ಕೊಟ್ಟು, ಓದಿ ಪ್ರಾರ್ಥಿಸಲು ಹೇಳುತ್ತಾನೆ. ಹೃದಯದಲ್ಲಿ ಮೂಡುವ ಶಾಂತಿಯನ್ನು ಪವಿತ್ರಾತ್ಮನ ಸಾಕ್ಷ್ಯವೆಂದು ತಿಳಿಯಲು ಕಲಿಸುತ್ತಾನೆ. ಸ್ನಾನಕ್ಕೆ ಬೇಗ ಆಹ್ವಾನಿಸುತ್ತಾನೆ. ಊರು ಬಿಟ್ಟು ಬಂದು, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ಹುಡುಗನಿಗೆ, ಇಬ್ಬರು ಗೆಳೆಯರು ವಾರವಾರ ಬಂದು ಅವನಿಗಾಗಿ ಪ್ರಾರ್ಥಿಸಿದಾಗ ಶಾಂತಿ ಮೂಡದಿದ್ದರೆ ಆಶ್ಚರ್ಯ. ಆ ಶಾಂತಿ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಸ್ನೇಹದಿಂದ ಬಂದ ಸಮಾಧಾನವೂ ಬೋಧನೆಯ ಸತ್ಯತೆಯೂ ಒಂದೇ ಅಲ್ಲ. ಲೊಯೋಲದ ಸಂತ ಇಗ್ನೇಷಿಯಸರು ಸಾಂತ್ವನವನ್ನೂ ಪರೀಕ್ಷಿಸಬೇಕೆಂದು ಕಲಿಸಿದ್ದು ಇದಕ್ಕೇ. ಧರ್ಮಸಭೆ 1972ರ ವಿಧಿಗ್ರಂಥದ ಮೂಲಕ ವಯಸ್ಕರ ದೀಕ್ಷಾಸಿದ್ಧತೆಗೆ ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಕಾಲವನ್ನು ಮರಳಿ ನೀಡಿದ್ದೂ ಇದೇ ವಿವೇಕದಿಂದ.

ದೀಕ್ಷಾಸ್ನಾನ ಮತ್ತು ಧರ್ಮಕೇಂದ್ರದ ದಾಖಲೆಗಳು

ಗುರುಗಳಾದವರಿಗೆ ಇಲ್ಲಿ ಕೆಲವು ಸ್ಪಷ್ಟ ತಿಳಿವಳಿಕೆಗಳು ಬೇಕು. ಪ್ರೊಟೆಸ್ಟೆಂಟ್ ಸಭೆಗಳ ದೀಕ್ಷಾಸ್ನಾನವನ್ನು ನಾವು ಸಾಮಾನ್ಯವಾಗಿ ಮಾನ್ಯ ಮಾಡುತ್ತೇವೆ. ಆದರೆ 2001ರ ಜೂನ್ 5ರಂದು ವಿಶ್ವಾಸಬೋಧನೆಯ ಪೀಠವು ಮೊರ್ಮನ್ ಸಭೆಯ ಸ್ನಾನ ಮಾನ್ಯವಲ್ಲವೆಂದು ಉತ್ತರಿಸಿತು. ಜಗದ್ಗುರು ಎರಡನೆಯ ಜಾನ್ ಪಾಲರು ಅದಕ್ಕೆ ಅನುಮೋದನೆ ನೀಡಿದರು. ಫಾದರ್ ಲೂಯಿಸ್ ಲದಾರಿಯ ಅವರು ಅದಕ್ಕೆ ಬರೆದ ವಿವರಣೆಯ ತಿರುಳು ಇದು: ನೀರೂ ಇದೆ, ಮೂರು ಹೆಸರುಗಳೂ ಇವೆ, ಆದರೆ ಆ ಹೆಸರುಗಳಿಂದ ಕ್ರೈಸ್ತ ವಿಶ್ವಾಸದ ತ್ರಿತ್ವವನ್ನು ಕರೆಯುತ್ತಿಲ್ಲ, ಧರ್ಮಸಭೆ ಮಾಡುವುದನ್ನು ಮಾಡುವ ಉದ್ದೇಶವೂ ಅಲ್ಲಿ ರೂಪುಗೊಳ್ಳುವುದಿಲ್ಲ. ಇದು ಆ ಜನರ ಪ್ರಾಮಾಣಿಕತೆಯ ಮೇಲೆ ಕೊಟ್ಟ ತೀರ್ಪಲ್ಲ.

ಇದರ ಪರಿಣಾಮಗಳು ಮೂರು. ಒಂದು: ಹುಟ್ಟಿನಿಂದ ಮೊರ್ಮನ್ ಆಗಿದ್ದು, ಅವರ ರೂಢಿಯಂತೆ ಎಂಟನೆಯ ವಯಸ್ಸಿನಲ್ಲಿ ಸ್ನಾನ ಪಡೆದವರು ಕಥೋಲಿಕರಾಗಲು ಬಯಸಿದರೆ ಅವರಿಗೆ ದೀಕ್ಷಾಸ್ನಾನ ಕೊಡಬೇಕು. ಎರಡು: ಅಂಥವರನ್ನು ಕಥೋಲಿಕರು ಮದುವೆಯಾಗುವಾಗ ಅದು ಧರ್ಮಸಂಹಿತೆಯ 1124ನೆಯ ವಿಧಿಯ ಮಿಶ್ರವಿವಾಹವಲ್ಲ; 1086ನೆಯ ವಿಧಿಯ ಅಡ್ಡಿ ಅಲ್ಲಿದೆ, ಧರ್ಮಾಧ್ಯಕ್ಷರ ವಿನಾಯಿತಿ ಇಲ್ಲದೆ ಆ ವಿವಾಹ ಮಾನ್ಯವಾಗದು. ಮೂರು: ನಮ್ಮಲ್ಲಿ ದೀಕ್ಷೆ ಪಡೆದು ಅತ್ತ ಹೋದವನ ದೀಕ್ಷಾಮುದ್ರೆ ಅಳಿಯುವುದಿಲ್ಲ. ಮರಳಿದರೆ ಅವನಿಗೆ ಮತ್ತೆ ದೀಕ್ಷಾಸ್ನಾನವಿಲ್ಲ; ಪಾಪನಿವೇದನೆಯೂ ವಿಶ್ವಾಸದ ಒಪ್ಪಿಕೆಯೂ ದಾರಿ. 2009ರ ಕಾನೂನು ತಿದ್ದುಪಡಿಯ ನಂತರ, ಹೋದವನೂ ವಿವಾಹದ ಕಥೋಲಿಕ ವಿಧಿಗೆ ಬದ್ಧನಾಗಿಯೇ ಉಳಿಯುತ್ತಾನೆ. ದಂಡನೆಯ ಪ್ರಶ್ನೆ ಬಂದರೆ, ಅವನಿಗೆ ತಿಳಿವು ಎಷ್ಟಿತ್ತು, ಸ್ವಾತಂತ್ರ್ಯ ಎಷ್ಟಿತ್ತು ಎಂದು ನೋಡಿ, ಧರ್ಮಾಧ್ಯಕ್ಷರ ಕಚೇರಿಯನ್ನು ವಿಚಾರಿಸಿಯೇ ಮಾತನಾಡಬೇಕು. ವೇದಿಕೆಯ ಮೇಲಿಂದ ಹೆಸರು ಹಿಡಿದು ಆಡುವ ಮಾತು ಇದಲ್ಲ.

ಇನ್ನೊಂದು ವಿಷಯ ದಾಖಲೆಗಳದು. ಮೃತರ ಪರವಾಗಿ ಬದುಕಿರುವವರು ಸ್ನಾನ ಪಡೆಯುವ ವಿಧಿಯನ್ನು ಮೊರ್ಮನರು ತಮ್ಮ ದೇವಾಲಯಗಳಲ್ಲಿ ನಡೆಸುತ್ತಾರೆ. ವಂಶಾವಳಿ ಸಂಗ್ರಹದಲ್ಲಿ ಅವರಿಗಿರುವ ಅಪಾರ ಆಸಕ್ತಿಗೆ ಇದೇ ಕಾರಣ. 2008ರ ಏಪ್ರಿಲ್ 5ರ ಪತ್ರದಲ್ಲಿ ಗುರುಗಳ ಪೀಠವು ಧರ್ಮಕೇಂದ್ರಗಳ ದೀಕ್ಷಾದಾಖಲೆಗಳನ್ನು ಅವರ ವಂಶಾವಳಿ ಸಂಸ್ಥೆಗೆ ನಕಲು ಮಾಡಲು ಕೊಡಬಾರದೆಂದು ಧರ್ಮಾಧ್ಯಕ್ಷರಿಗೆ ಸೂಚಿಸಿತು. ದಾಖಲೆಯ ಪುಸ್ತಕವನ್ನು ಕೇಳಿದವರ ಮುಂದೆ ಸಲೀಸಾಗಿ ಬಿಚ್ಚಿಡುವ ನಮ್ಮ ಹಳ್ಳಿಯ ಧರ್ಮಕೇಂದ್ರಗಳಲ್ಲಿ ಈ ಸೂಚನೆ ನೆನಪಿರಬೇಕು.

ನಮ್ಮ ನೆಲದ ಅಳತೆಗೋಲು

ಚಿದಂಬರೇಶ್ವರನ ಗುಡಿಯೂ ಮಹಾಂತಜ್ಜನ ಮಠವೂ ಇರುವ ಮುರಗೋಡದಲ್ಲಿ ಜನರಿಗೆ ಧರ್ಮದ ಹೆಸರಿನಲ್ಲಿ ಬಾಗಿಲಿಗೆ ಬರುವವರು ಹೊಸಬರಲ್ಲ. ಜೋಳಿಗೆ ಹಿಡಿದ ಜಂಗಮರನ್ನು ತಲೆಮಾರುಗಳಿಂದ ಕಂಡ ಊರು ಅದು. ಅಲ್ಲಿ ಬೋಧನೆಗಿಂತ ಮೊದಲು ನಡತೆಯನ್ನು ನೋಡುತ್ತಾರೆ. ಮಗ ಕುಡಿತ ಬಿಟ್ಟ, ನಸುಕಿನಲ್ಲಿ ಎದ್ದ ಎಂದು ಆ ತಾಯಿ ಮೊದಲು ಹೇಳಿದ್ದು ಆ ಅಳತೆಗೋಲಿನಿಂದಲೇ. ಅದು ಅಜ್ಞಾನವಲ್ಲ. ಮರವನ್ನು ಫಲದಿಂದ ಅರಿಯಬೇಕೆಂದು ಪ್ರಭುವೂ ಕಲಿಸಿದರು. ಆದರೆ ಜಂಗಮನಿಂದ ಜನ ಇನ್ನೊಂದನ್ನೂ ಬಯಸುತ್ತಾರೆ: ಆತ ತಮ್ಮ ಮಾತನ್ನು ತಿಳಿದಿರಬೇಕು, ತಮ್ಮ ಸಾವುನೋವಿಗೆ ಒದಗಬೇಕು.

ಈ ಎರಡನೆಯ ಬೇಡಿಕೆಯನ್ನು ನಮ್ಮ ಹಿಂದಿನವರು ಅರಿತಿದ್ದರು. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ಮುರಗೋಡಕ್ಕೆ ದೂರವಲ್ಲದ ದೇಶನೂರಿನಲ್ಲಿ ಯೇಸುಸಭೆಯವರು ವಿರಕ್ತಮಠದ ಮಾದರಿಯಲ್ಲಿ ಆಶ್ರಮ ಕಟ್ಟಿ, ಕಾವಿಯುಟ್ಟು ಜನರ ನಡುವೆ ನೆಲೆಸಿದರು. ಎರಡು ವರ್ಷದ ಮಿಷನರಿಗೆ ಇದು ಸಾಧ್ಯವಿಲ್ಲ. ಆರು ವಾರಕ್ಕೊಮ್ಮೆ ವರ್ಗಾವಣೆಯ ನಿರೀಕ್ಷೆಯಲ್ಲಿರುವವನು ಭಾಷೆಯನ್ನು ಕಲಿತಾನು. ಮದುವೆಯಲ್ಲಿ ಉಂಡ ಮನೆಗೇ ಹತ್ತು ವರ್ಷದ ನಂತರ ಮಣ್ಣಿಗೆ ಹೋಗುವ ಬಾಳು ಅವನದಾಗದು. ದೇವರು ಶರೀರ ಧರಿಸಿ ನಮ್ಮ ನಡುವೆ ವಾಸಿಸಿದರೆಂದು ಸಾರುವ ಧರ್ಮಸಭೆಗೆ ನೆಲೆಸುವುದು ಅನುಕೂಲದ ಮಾತಲ್ಲ, ಸಂದೇಶದ ಭಾಗ.

ಆದರೂ ಈ ಹಿರಿಮೆಯನ್ನು ಹೇಳಿ ಲೇಖನ ಮುಗಿಸಿದರೆ ನಾವು ಮತ್ತೆ ತಪ್ಪಿಸಿಕೊಂಡಂತೆ. ಆ ಹುಡುಗ ನಮ್ಮ ಧರ್ಮಕೇಂದ್ರದಲ್ಲಿ ಇಪ್ಪತ್ತು ವರ್ಷ ಬೆಳೆದ. ಜ್ಞಾನೋಪದೇಶದ ತರಗತಿಗೆ ಬಂದ, ಪರಮಪ್ರಸಾದ ಸ್ವೀಕರಿಸಿದ, ದೃಢೀಕರಣ ಪಡೆದ. ಅಷ್ಟು ವರ್ಷಗಳಲ್ಲಿ ನಾವು ಅವನಿಂದ ಕೇಳಿದ್ದೇನು? ಹಬ್ಬದಲ್ಲಿ ಕುರ್ಚಿ ಜೋಡಿಸಲು ಕೇಳಿದೆವು, ಪೆಂಡಾಲಿಗೆ ಗಳ ಹೊರಲು ಕೇಳಿದೆವು. ಗುರುಮಠಕ್ಕೆ ಬರುತ್ತೀಯಾ ಎಂದು ಒಮ್ಮೆ ಕೇಳಿ, ಇಲ್ಲವೆಂದಾಗ ಮುಂದಿನವನತ್ತ ತಿರುಗಿದೆವು. ದೀಕ್ಷೆ ಪಡೆದವರೆಲ್ಲರೂ ಕಳುಹಿಸಲ್ಪಟ್ಟವರೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ 2013ರಲ್ಲಿ ಜಗದ್ಗುರು ಫ್ರಾನ್ಸಿಸರು ನೀಡಿದ ‘ಇವಾಂಜೆಲಿ ಗಾವ್ದಿಯುಂ’ ವರೆಗೆ ಮತ್ತೆಮತ್ತೆ ಓದಿ ಪಾಠ ಮಾಡಿದ್ದೇವೆ. ಆದರೆ ಅವನ ದಿನದಿಂದ ಒಂದು ಗಂಟೆಯನ್ನೂ ಶುಭಸಂದೇಶದ ಹೆಸರಿನಲ್ಲಿ ನಾವು ಕೇಳಲಿಲ್ಲ. ಬೆಂಗಳೂರಿನಲ್ಲಿ ಯಾರೋ ಅವನ ಎರಡು ವರ್ಷಗಳನ್ನು ಕೇಳಿದರು. ಕೇಳಿದವರ ಬೋಧನೆ ತಪ್ಪು. ಅವನಿಂದ ಇಷ್ಟು ದೊಡ್ಡದನ್ನು ಕೇಳಬಹುದೆಂದು ಅವರು ಕಂಡದ್ದು ತಪ್ಪಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಆಗಬಹುದಾದದ್ದು ದೊಡ್ಡ ಯೋಜನೆಯೇನಲ್ಲ. ಊರು ಬಿಟ್ಟು ಹೋಗುವ ಪ್ರತಿಯೊಬ್ಬ ಹುಡುಗ ಹುಡುಗಿಯ ಹೆಸರನ್ನು ಅವರು ತಲುಪುವ ನಗರದ ಧರ್ಮಕೇಂದ್ರಕ್ಕೆ ತಿಳಿಸುವುದು ಮತ್ತು ತಿಂಗಳೊಳಗೆ ಒಮ್ಮೆ ಫೋನು ಮಾಡುವುದು. ಬೇಸಿಗೆ ರಜೆಯಲ್ಲಿ ಯುವಜನರನ್ನು ಇಬ್ಬಿಬ್ಬರಾಗಿ ಉಪಕೇಂದ್ರದ ಹಳ್ಳಿಗೆ ಒಂದು ತಿಂಗಳು ಕಳುಹಿಸುವುದು: ಬೆಳಗ್ಗೆ ಶುಭಸಂದೇಶದ ಓದು, ಹಗಲು ಮಕ್ಕಳ ಪಾಠ ಮತ್ತು ಹಿರಿಯರ ಭೇಟಿ, ಸಂಜೆ ಮನೆಮನೆಯ ಜಪಸರ. ಕಳುಹಿಸುವಾಗ ಬಲಿಪೂಜೆಯಲ್ಲಿ ಆಶೀರ್ವದಿಸಿ ಕಳುಹಿಸುವುದು, ಮರಳಿದಾಗ ಎಲ್ಲರ ಮುಂದೆ ಅವರ ಮಾತು ಕೇಳುವುದು. ಗುರುವಿದ್ಯಾರ್ಥಿಗಳು ಅವರ ಸಂಗಾತಿಗಳಾಗಿ ಹೋಗಲಿ, ಮುಖ್ಯಸ್ಥರಾಗಿ ಬೇಡ.

ಆ ತಾಯಿಗೆ

ಮುಂದಿನ ಭೇಟಿಯಲ್ಲಿ ಅವರಿಗೆ ನಾವು ಹೇಳಿದ್ದು ಇಷ್ಟು. ನಿಮ್ಮ ಮಗ ಕುಡಿತ ಬಿಟ್ಟದ್ದು, ಓದುತ್ತಿರುವುದು, ಪ್ರಾರ್ಥಿಸುತ್ತಿರುವುದು ಒಳ್ಳೆಯದು. ಅದನ್ನು ಅವನ ಮುಂದೆ ಹಳಿಯಬೇಡಿ. ಆದರೆ ಅವನು ಸಾರಲು ಹೊರಟದ್ದು ನಮ್ಮ ವಿಶ್ವಾಸವಲ್ಲ. ಹೋಗೆಂದು ಹರಸಲು ನಮ್ಮಿಂದಾಗದು. ಅವನು ವಯಸ್ಸಿಗೆ ಬಂದವನು, ಕಟ್ಟಿ ಹಾಕಲೂ ಆಗದು. ನಮ್ಮಲ್ಲಿ ಪಡೆದ ದೀಕ್ಷೆ ಅವನ ಮೇಲೆ ಹಾಗೆಯೇ ಇದೆ. ಮರಳುವ ದಿನ ಬಂದರೆ ಹೊಸದಾಗಿ ಬಾಗಿಲು ತಟ್ಟಬೇಕಾಗಿಲ್ಲ, ಮನೆಗೆ ಬಂದಂತೆ ಬರಲಿ. ಅವನು ಒಪ್ಪಿದರೆ ಹೊರಡುವ ಮೊದಲು ಒಮ್ಮೆ ನಮ್ಮೊಡನೆ ಕುಳಿತು ಮಾತನಾಡಲಿ. ವಾದಕ್ಕಲ್ಲ, ಅವನಿಗೆ ಅಲ್ಲಿ ಸಿಕ್ಕಿದ್ದೇನೆಂದು ಕೇಳಿಸಿಕೊಳ್ಳಲು.

ಅವರು ತುಸು ಹೊತ್ತು ಸುಮ್ಮನಿದ್ದು, “ಅಲ್ಲಿಂದ ಫೋನ್ ಮಾಡಾಕ ಬಿಡ್ತಾರೇನ್ರಿ?” ಎಂದು ಕೇಳಿದರು. ವಾರಕ್ಕೊಮ್ಮೆ ಬಿಡುತ್ತಾರೆ ಎಂದೆವು. “ಹಂಗಾದ್ರ ಸಾಕ್ರಿ. ಉಂಡಿ ಏನೋ ಅಂತ ಕೇಳ್ತೀನಿ” ಎಂದರು. ಧರ್ಮಸಭೆಯನ್ನು ತಾಯಿ ಎಂದು ನಾವು ತರಗತಿಯಲ್ಲಿ ವಿವರಿಸುತ್ತೇವೆ. ಹೊರಟುಹೋದ ಮಕ್ಕಳಿಗೆ ವಾರಕ್ಕೊಮ್ಮೆ ಆ ಒಂದು ಪ್ರಶ್ನೆಯನ್ನು ಕೇಳುವ ಕೆಲಸ ಗುರುಗಳದೂ ಹೌದು.